ಮಗುವಿಗಾಗಿ ಕಾಯುವ ಮನೆಯಲ್ಲಿ ಮೊದಲು ಯಾರ ಪರೀಕ್ಷೆ?

ಹಾಸನದ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಮದುವೆಯಾಗಿ ಸ್ವಲ್ಪ ದಿನವಾದ ಹುಡುಗಿಗೆ ಆ ಪ್ರಶ್ನೆ ತಪ್ಪಿದ್ದಲ್ಲ. "ಏನಮ್ಮಾ, ಏನಾದ್ರೂ ವಿಶೇಷ?" ವರ್ಷ ಕಳೆದರೆ ಕೇಳುವವರ ದನಿ ಬದಲಾಗುತ್ತದೆ. ಎರಡು ವರ್ಷವಾದರೆ ಅತ್ತೆಯೋ ಅಮ್ಮನೋ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಸ್ಕ್ಯಾನಿಂಗ್ ಆಗುತ್ತದೆ, ರಕ್ತಪರೀಕ್ಷೆ ಆಗುತ್ತದೆ, ಮಾತ್ರೆ ಶುರುವಾಗುತ್ತದೆ. ಗಂಡ ಮಾತ್ರ ಆಸ್ಪತ್ರೆಯ ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾನೆ.

ನನ್ನ ತಕರಾರು ಇಲ್ಲಿಂದಲೇ ಶುರು. ಮಕ್ಕಳಾಗದಿರುವುದಕ್ಕೆ ಕಾರಣ ಹುಡುಕುತ್ತಾ ಹೋದರೆ, ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಿನ ಪಾಲೂ ಇರುತ್ತದೆ. ಕೆಲವರಲ್ಲಿ ಗಂಡಿನ ತೊಂದರೆಯೊಂದೇ, ಕೆಲವರಲ್ಲಿ ಇಬ್ಬರದ್ದೂ. ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದ ಜೋಡಿಗಳೂ ಇದ್ದಾರೆ. ಗಂಡಿನ ಮೊದಲ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚು ಕೆಲವು ನೂರು ರೂಪಾಯಿ. ಹೆಣ್ಣಿನ ಪರೀಕ್ಷೆಗಳು ಜಾಸ್ತಿ, ಕೆಲವು ನೋವಿನವು. ಆದರೂ ನಮ್ಮಲ್ಲಿ ಸರದಿ ತಲೆಕೆಳಗು. ಹೆಂಡತಿಗೆ ಆರೆಂಟು ತಿಂಗಳು ಮಾತ್ರೆ ನುಂಗಿಸಿದ ಮೇಲೆ ಗಂಡನ ವೀರ್ಯ ಪರೀಕ್ಷೆ ಮಾಡಿಸಿ, ಅದರಲ್ಲಿ ವೀರ್ಯಾಣುವೇ ಇಲ್ಲ ಅಂತ ಗೊತ್ತಾದರೆ ಆ ತಿಂಗಳುಗಳೆಲ್ಲ ಸುಮ್ನೆ ಹೋದ ಹಾಗೆ, ಅಲ್ವಾ?

ಎಷ್ಟು ದಿನ ಕಾಯಬೇಕು

ವೈದ್ಯರ ಲೆಕ್ಕ ಸರಳ. ಯಾವ ಗರ್ಭನಿರೋಧಕವೂ ಇಲ್ಲದೆ, ನಿಯಮಿತವಾಗಿ ಕೂಡಿದರೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು. ಹೆಂಡತಿಯ ವಯಸ್ಸು 35 ದಾಟಿದ್ದರೆ 6 ತಿಂಗಳು ಸಾಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು, ಹಿಂದೆ ಕ್ಷಯ ಬಂದಿದ್ದವರು, ಕಿಬ್ಬೊಟ್ಟೆಯ ದೊಡ್ಡ ಆಪರೇಷನ್ ಆಗಿದ್ದವರು, ಹರೆಯದಲ್ಲಿ ಮಂಗಬಾವು ಬಂದು ವೃಷಣ ಊದಿಕೊಂಡಿದ್ದ ಗಂಡಸರು ಅಷ್ಟೂ ಕಾಯುವುದು ಬೇಡ.

ಇಷ್ಟು ಕಾಯಿಸುವುದಕ್ಕೆ ಕಾರಣ ಇದೆ. ಏನೂ ತೊಂದರೆ ಇಲ್ಲದ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ 20ರಿಂದ 25 ಅಷ್ಟೆ. ವರ್ಷದೊಳಗೆ ನೂರರಲ್ಲಿ ಸುಮಾರು 85 ಜೋಡಿಗೆ ಆಗುತ್ತದೆ. ಉಳಿದವರಲ್ಲೂ ಸುಮಾರು ಅರ್ಧ ಮಂದಿಗೆ ಎರಡನೇ ವರ್ಷದಲ್ಲಿ ತಾನಾಗಿಯೇ ಆಗುತ್ತದೆ. ಮದುವೆಯಾದ ಮೂರೇ ತಿಂಗಳಿಗೆ ಹೆದರಿಕೊಂಡು ಓಡುವುದು ಬೇಡ. ಹಾಗೆಯೇ ಮೂವತ್ತೇಳರ ಹೆಂಗಸಿಗೆ "ಇನ್ನೂ ಟೈಮಿದೆ ಬಿಡು" ಅನ್ನುವುದೂ ಬೇಡ.

ಇನ್ನೊಂದು ಸಂಗತಿ ಹಲವರಿಗೆ ಯಾರೂ ಹೇಳಿರುವುದಿಲ್ಲ. ಅಂಡಾಣು ಹೊರಗೆ ಬಂದ ಮೇಲೆ ಬದುಕಿರುವುದು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಿರಬಲ್ಲದು. ಹಾಗಾಗಿ ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಹೆಚ್ಚೆಂದರೆ ಆರು. ಅಂಡಾಣು ಬಿಡುಗಡೆಯಾದ ಸುಮಾರು 14 ದಿನಕ್ಕೆ ಮುಂದಿನ ಮುಟ್ಟು ಬರುತ್ತದೆ. ಅಂದರೆ 28 ದಿನದ ಚಕ್ರದವರಿಗೆ ಅದು 14ನೇ ದಿನದ ಆಸುಪಾಸು, 35 ದಿನದವರಿಗೆ 21ನೇ ದಿನದ ಆಸುಪಾಸು. ಕಾಫಿ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ವರ್ಷಕ್ಕೆ ಎಷ್ಟು ಇಂಚು ಮಳೆ ಬಂತು ಅನ್ನುವುದಲ್ಲ, ಮೊಗ್ಗು ತಯಾರಾಗಿರುವಾಗ ಹೂಮಳೆ ಬಂತಾ ಇಲ್ಲವಾ ಅನ್ನುವುದು ಮುಖ್ಯ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ನಮ್ಮ ಜಿಲ್ಲೆಯ ಎಷ್ಟೋ ಗಂಡಸರು ದುಡಿಯುವುದು ಬೆಂಗಳೂರಿನಲ್ಲಿ. ಅಲ್ಲಿನ ಬೇಕರಿಗಳಲ್ಲಿ ಹಾಸನದವರು ಎಷ್ಟಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಹೆಂಡತಿ ಚನ್ನರಾಯಪಟ್ಟಣದ ಹಳ್ಳಿಯಲ್ಲಿ, ಗಂಡ ಹದಿನೈದು ದಿನಕ್ಕೊಮ್ಮೆ ಊರಿಗೆ. ಆ ಒಂದೂವರೆ ದಿನ ಈ ಆರು ದಿನಗಳ ಒಳಗೆ ಬೀಳದಿದ್ದರೆ ವರ್ಷವಲ್ಲ, ಮೂರು ವರ್ಷವಾದರೂ ಆಶ್ಚರ್ಯವಿಲ್ಲ. ಇಂಥ ಜೋಡಿಗೆ ಮೊದಲು ಬೇಕಾದದ್ದು ರಜೆ. ಮುಟ್ಟಿನ ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಆ ವಾರ ದಿನ ಬಿಟ್ಟು ದಿನ ಕೂಡಿದರೆ ಸಾಕು. ಕೂಡಿದ ಮೇಲೆ ಕಾಲು ಮೇಲೆತ್ತಿ ಮಲಗಬೇಕು ಅನ್ನುವುದಕ್ಕೆ ಆಧಾರವಿಲ್ಲ.

ಗಂಡಿನ ರಿಪೋರ್ಟ್ ಓದುವುದು ಹೇಗೆ

ವೀರ್ಯ ಪರೀಕ್ಷೆಗೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗದಂತೆ ಸಂಯಮ ಬೇಕು. ಸ್ಯಾಂಪಲ್ಲನ್ನು ಲ್ಯಾಬಿನಲ್ಲೇ ಕೊಟ್ಟರೆ ಒಳ್ಳೆಯದು. ಮನೆಯಲ್ಲಿ ತೆಗೆದರೆ ಒಂದು ಗಂಟೆಯೊಳಗೆ ತಲುಪಿಸಬೇಕು, ತಣ್ಣಗಾಗಲು ಬಿಡಬಾರದು. ಮೂಡಿಗೆರೆಯ ಒಳಗಿನ ಎಸ್ಟೇಟಿನಿಂದ ಡಬ್ಬಿ ಹಿಡಿದುಕೊಂಡು ಹೊರಟರೆ ಆ ಗಂಟೆ ದಾರಿಯಲ್ಲೇ ಮುಗಿಯುತ್ತದೆ. ಮುಜುಗರವಾದರೂ ಲ್ಯಾಬೇ ಸರಿ.

ರಿಪೋರ್ಟಿನಲ್ಲಿ ಮೂರು ಸಂಖ್ಯೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿಯ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಚಲಿಸುವವು ನೂರಕ್ಕೆ 42, ಸರಿಯಾದ ಆಕಾರದವು ನೂರಕ್ಕೆ 4. ಹೌದು, ನಾಲ್ಕೇ. "ನೂರಕ್ಕೆ 95 ಕೆಟ್ಟಿವೆ" ಅಂತ ರಿಪೋರ್ಟ್ ನೋಡಿ ಗಾಬರಿ ಬೀಳುವವರಿಗೆ ಇದು ಗೊತ್ತಿರಲಿ. ಈ ಮಿತಿಗಿಂತ ಸ್ವಲ್ಪ ಕಡಿಮೆ ಇದ್ದ ಮಾತ್ರಕ್ಕೆ ಮಗು ಆಗುವುದೇ ಇಲ್ಲ ಅಂತಲ್ಲ. ಜ್ವರ ಬಂದಿದ್ದರೂ ಎಣಿಕೆ ಇಳಿಯುತ್ತದೆ. ಒಂದು ರಿಪೋರ್ಟ್ ಸರಿಯಿಲ್ಲದಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸದೆ ತೀರ್ಮಾನಕ್ಕೆ ಬರಬಾರದು.

ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಇವತ್ತು ಗುಟ್ಕಾ, ಸಿಗರೇಟು, ಕುಡಿತ ಬಿಟ್ಟರೆ ಫಲ ಕಾಣುವುದು ಮೂರು ತಿಂಗಳ ಮೇಲೆ. ವೃಷಣಕ್ಕೆ ದೇಹದ ಶಾಖಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಶಾಖ ಬೇಕು, ಅದಕ್ಕೇ ಅದು ದೇಹದ ಹೊರಗಿದೆ. ದಿನವಿಡೀ ಓವನ್ ಮುಂದೆ ನಿಲ್ಲುವವರು ಈ ಮಾತನ್ನು ಡಾಕ್ಟರಿಗೆ ಹೇಳಬೇಕು. ಜಿಮ್ಮಿನಲ್ಲಿ ಮೈಕಟ್ಟಿಗೆ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವ ಹುಡುಗರಂತೂ ತಪ್ಪದೆ ಹೇಳಬೇಕು. ಹೊರಗಿನಿಂದ ಆ ಹಾರ್ಮೋನು ಬಂದರೆ ದೇಹ ತನ್ನ ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸಬಹುದು. ಗಂಡಸುತನಕ್ಕೆಂದು ತೆಗೆದುಕೊಂಡದ್ದು ಸಂತಾನಕ್ಕೇ ಅಡ್ಡ.

ವೃಷಣದ ರಕ್ತನಾಳಗಳು ಊದಿಕೊಳ್ಳುವ ವೆರಿಕೊಸೀಲ್ ಇನ್ನೊಂದು ಸಾಮಾನ್ಯ ಕಾರಣ. ಕೆಲವರಿಗೆ ಆಪರೇಷನ್ನಿನಿಂದ ಅನುಕೂಲವಾಗುತ್ತದೆ. ವೀರ್ಯದಲ್ಲಿ ವೀರ್ಯಾಣುವೇ ಕಾಣದಿದ್ದರೂ ಕಥೆ ಮುಗಿಯುವುದಿಲ್ಲ. ದಾರಿ ಕಟ್ಟಿಕೊಂಡಿದೆಯಾ, ತಯಾರಿಯೇ ಆಗುತ್ತಿಲ್ಲವಾ ಅಂತ ನೋಡುತ್ತಾರೆ. ದಾರಿ ಕಟ್ಟಿದ್ದರೆ ಸಾಮಾನ್ಯವಾಗಿ ವೃಷಣದ ಕಡೆಯಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆಯಲು ಆಗುತ್ತದೆ. ಇನ್ನೊಂದು ಮಾತು. ಮಂಚದ ಮೇಲೆ ಏನೂ ತೊಂದರೆ ಇಲ್ಲದ ಗಂಡಸಿಗೂ ವೀರ್ಯಾಣು ಇಲ್ಲದಿರಬಹುದು. ಎರಡಕ್ಕೂ ಸಂಬಂಧವಿಲ್ಲ. ಗಂಡಸರು ಪರೀಕ್ಷೆಗೆ ಹೋಗದಿರುವುದಕ್ಕೆ ಅರ್ಧ ಕಾರಣ ಈ ಗೊಂದಲವೇ.

ಹೆಣ್ಣಿನ ಕಡೆ ಏನೇನು ನೋಡುತ್ತಾರೆ

ಅಂಡಾಣು ಪ್ರತಿ ತಿಂಗಳು ಬರುತ್ತಿದೆಯಾ, ಗರ್ಭನಾಳ ತೆರೆದಿದೆಯಾ, ಗರ್ಭಕೋಶ ಸರಿಯಿದೆಯಾ. ಎಷ್ಟು ಪರೀಕ್ಷೆ ಬರೆದರೂ ಹುಡುಕುವುದು ಈ ಮೂರನ್ನೇ.

ಅಂಡಾಣು ಬರದಿರುವುದಕ್ಕೆ ಬಹಳ ಸಾಮಾನ್ಯ ಕಾರಣ ಪಿಸಿಓಎಸ್. ನಮ್ಮಲ್ಲಿ ಇದನ್ನು ನೀರುಗುಳ್ಳೆ ಅನ್ನುತ್ತಾರೆ. ಆಪರೇಷನ್ ಮಾಡಿ ಗುಳ್ಳೆ ತೆಗೆಸಬೇಕಾ ಅಂತ ಕೇಳುವವರಿದ್ದಾರೆ. ಬೇಡ. ಅವು ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡಾಣುಗಳ ಪುಟ್ಟ ಚೀಲಗಳು. ತೂಕ ಜಾಸ್ತಿ ಇರುವವರು ನೂರಕ್ಕೆ 5ರಿಂದ 10 ಭಾಗ ಇಳಿಸಿದರೂ ಮುಟ್ಟು ಸರಿಹೋಗಿ ಅಂಡಾಣು ಬರಲು ಶುರುವಾಗಬಹುದು. 70 ಕಿಲೋ ಇದ್ದವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಥೈರಾಯ್ಡ್ ಮತ್ತು ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರುಪೇರು ಕೂಡ ಅಂಡಾಣು ಬರುವುದನ್ನು ಕೆಡಿಸುತ್ತವೆ. ಅವೆರಡೂ ಸಾಮಾನ್ಯವಾಗಿ ಮಾತ್ರೆಯಲ್ಲೇ ಹತೋಟಿಗೆ ಬರುತ್ತವೆ.

ಗರ್ಭನಾಳ ಕಟ್ಟಿಕೊಂಡಿದೆಯಾ ಅಂತ ನೋಡಲು ಎಚ್‌ಎಸ್‌ಜಿ ಎಕ್ಸ್‌ರೇ ಮಾಡುತ್ತಾರೆ. ಮುಟ್ಟು ನಿಂತ ಮೇಲೆ, ಅಂಡಾಣು ಬರುವ ಮೊದಲು ಗರ್ಭಕೋಶಕ್ಕೆ ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ. ಮುಟ್ಟಿನ ಹೊಟ್ಟೆನೋವಿನಂಥ ನೋವಿರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ನೋವಿನ ಮಾತ್ರೆ ಮೊದಲೇ ಕೇಳಿ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ನಾಳ ಕಟ್ಟುವುದಕ್ಕೆ ಜನನಾಂಗದ ಕ್ಷಯ ಒಂದು ದೊಡ್ಡ ಕಾರಣ. ಕೆಮ್ಮಿಲ್ಲ, ಜ್ವರವಿಲ್ಲ, ಒಳಗೇ ಕೂತು ನಾಳ ಹಾಳುಮಾಡಿರುತ್ತದೆ. ಪ್ರತಿ ಮುಟ್ಟಿಗೂ ಹಾಸಿಗೆ ಹಿಡಿಯುವಷ್ಟು ನೋವಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ತೊಂದರೆ ಇರಬಹುದು. "ಮದುವೆಯಾದ್ರೆ ಸರಿಹೋಗುತ್ತೆ" ಅಂತ ಆ ನೋವನ್ನು ತಳ್ಳಿಹಾಕುವ ಹಿರಿಯರ ಮಾತು ಕೇಳಬೇಡಿ.

ಎಎಂಎಚ್ ಅನ್ನುವ ರಕ್ತಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಹೆಂಗಸರನ್ನು ಹೆದರಿಸಲು ಈಗ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷ ಉಳಿಯುತ್ತವೆ. ಆಮೇಲೆ ಇಳಿಯುತ್ತಲೇ ಹೋಗುತ್ತವೆ, ಹೊಸದು ಹುಟ್ಟುವುದಿಲ್ಲ. ಎಷ್ಟು ಉಳಿದಿವೆ ಅನ್ನುವುದಕ್ಕೆ ಎಎಂಎಚ್ ಒಂದು ಅಂದಾಜು. ಐವಿಎಫ್‌ಗೆ (ಲ್ಯಾಬಿನಲ್ಲಿ ಅಂಡಾಣು, ವೀರ್ಯಾಣು ಸೇರಿಸುವ ಚಿಕಿತ್ಸೆ) ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಅಂತ ಲೆಕ್ಕ ಹಾಕಲು ಇದು ಉಪಯೋಗಕ್ಕೆ ಬರುತ್ತದೆ. ಆದರೆ ಸಹಜವಾಗಿ ಗರ್ಭ ನಿಲ್ಲುತ್ತದಾ ಇಲ್ಲವಾ ಅಂತ ಇದು ಹೇಳುವುದಿಲ್ಲ. ಬೇಕಾದದ್ದು ತಿಂಗಳಿಗೆ ಒಂದೇ ಒಂದು ಒಳ್ಳೆಯ ಅಂಡಾಣು, ಅದರ ಗುಣವನ್ನು ಹೇಳುವುದು ಮುಖ್ಯವಾಗಿ ವಯಸ್ಸು. ಇಪ್ಪತ್ತೆಂಟರ ಹುಡುಗಿಗೆ ಎಎಂಎಚ್ ಒಂದನ್ನೇ ತೋರಿಸಿ "ನಾಳೆಯೇ ಐವಿಎಫ್" ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಈ ಮೂಲ ಪರೀಕ್ಷೆಗಳಿಗಾಗಿ 180 ಕಿಲೋಮೀಟರ್ ದೂರದ ಬೆಂಗಳೂರಿಗೆ ಓಡಬೇಕಿಲ್ಲ. ಹಾಸನದ ಹಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗದಿಂದಲೇ ಶುರು ಮಾಡಬಹುದು. ಗಂಡ ಹೆಂಡತಿ ಇಬ್ಬರೂ ಹೋಗಿ, ಒಂದೇ ಫೈಲ್ ಮಾಡಿಸಿ. ಹಾಸನಾಂಬೆಗೆ ಹರಕೆ ಹೊತ್ತುಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ದೇವಿಯ ಬಾಗಿಲು ಮುಂದಿನ ವರ್ಷವೂ ತೆರೆಯುತ್ತದೆ, ಅಂಡಾಣು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಎರಡೂ ಜೊತೆಗೇ ನಡೆಯಲಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರಿಂದ ಮುಚ್ಚಿಡಬೇಡಿ.

ಮಾತ್ರೆಯಿಂದ ಐವಿಎಫ್‌ವರೆಗೆ

ಅಂಡಾಣು ಬರದಿರುವುದೊಂದೇ ತೊಂದರೆಯಾದರೆ ಮೊದಲು ಮಾತ್ರೆ. ಮುಟ್ಟಿನ ಆರಂಭದ ದಿನಗಳಲ್ಲಿ ಐದು ದಿನ ಕೊಡುವ ಲೆಟ್ರೊಜೋಲ್ ಈಗ ಪಿಸಿಓಎಸ್ ಇರುವವರಿಗೆ ಮೊದಲ ಆಯ್ಕೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇದು ಸ್ತನ ಕ್ಯಾನ್ಸರಿನ ಔಷಧಿ ಅಂತ ಬರುತ್ತದೆ. ನಿಜವೇ. ಸಂತಾನ ಚಿಕಿತ್ಸೆಗೆ ಬಳಸಬಾರದು ಅಂತ 2011ರಲ್ಲಿ ನಮ್ಮ ಕೇಂದ್ರ ಸರ್ಕಾರ ತಡೆದಿತ್ತು, 2017ರಲ್ಲಿ ಆ ತಡೆ ತೆಗೆಯಿತು. ಪಿಸಿಓಎಸ್ ಇರುವ 750 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಕ್ಲೊಮಿಫೀನ್ ಮಾತ್ರೆ ತೆಗೆದುಕೊಂಡ ನೂರರಲ್ಲಿ 19 ಮಂದಿಗೆ ಮಗು ಹುಟ್ಟಿದರೆ, ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ 27ಕ್ಕೂ ಹೆಚ್ಚು ಮಂದಿಗೆ ಹುಟ್ಟಿತು.

ಮಾತ್ರೆಯ ಜೊತೆ ಫಾಲಿಕ್ಯುಲರ್ ಸ್ಕ್ಯಾನ್ ಮಾಡುತ್ತಾರೆ. ಅಂಡಾಣುವಿನ ಚೀಲ 18ರಿಂದ 20 ಮಿಲಿಮೀಟರ್ ಆದಾಗ ಒಂದು ಇಂಜೆಕ್ಷನ್, ಸುಮಾರು 36 ಗಂಟೆಗೆ ಅಂಡಾಣು ಹೊರಬರುತ್ತದೆ. ಇದಕ್ಕೆ ತಿಂಗಳಲ್ಲಿ ಮೂರು ನಾಲ್ಕು ಸಲ ಸ್ಕ್ಯಾನ್ ಬೇಕು. ಶೃಂಗೇರಿ, ಕೊಪ್ಪ ಕಡೆಯವರಿಗೆ ಮಳೆಗಾಲದಲ್ಲಿ ಇದೇ ದೊಡ್ಡ ಕಷ್ಟ. ಹತ್ತಿರದ ಊರಿನಲ್ಲಿ ಸ್ಕ್ಯಾನ್ ಮಾಡಿಸಿ ರಿಪೋರ್ಟ್ ಕಳಿಸಿದರೆ ಆಗುತ್ತದಾ ಅಂತ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ.

ಮುಂದಿನದು ಐಯುಐ. ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನು ಆರಿಸಿ, ತೆಳ್ಳಗಿನ ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ, ಅರಿವಳಿಕೆ ಬೇಡ. ಕನಿಷ್ಠ ಒಂದು ಗರ್ಭನಾಳ ತೆರೆದಿರಬೇಕು. ಎರಡೂ ಕಟ್ಟಿದ್ದರೆ ಐಯುಐ ದಂಡ. ನಾಳದ ಪರೀಕ್ಷೆಯನ್ನೇ ಮಾಡದೆ ಐಯುಐ ಮೇಲೆ ಐಯುಐ ಮಾಡಿಸುವ ಕಡೆಯಿಂದ ಎದ್ದು ಬನ್ನಿ. ಒಂದು ಸಲಕ್ಕೆ ಫಲ ಸಿಗುವ ಸಾಧ್ಯತೆ ನೂರಕ್ಕೆ 10ರಿಂದ 15ರಷ್ಟು. ಮೂರು ನಾಲ್ಕು ಸಲ ಆಗದಿದ್ದರೆ ಅದನ್ನೇ ಮುಂದುವರಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಐವಿಎಫ್ ಅಂದರೆ ಪ್ರನಾಳ ಶಿಶು. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ಸರ್ಕಾರ ಅವರನ್ನು ನಂಬಲಿಲ್ಲ. ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು, ಮನ್ನಣೆ ಸಿಕ್ಕಿದ್ದು ಆಮೇಲೆ. ಲೂಯಿಸ್ ಹುಟ್ಟಿಗೆ ಕಾರಣರಾದ ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂತು.

ಎರಡೂ ನಾಳ ಕಟ್ಟಿರುವವರು, ವೀರ್ಯಾಣು ಬಹಳ ಕಡಿಮೆ ಇರುವವರು, ವಯಸ್ಸು ದಾಟುತ್ತಿರುವವರು, ಮೊದಲಿನ ಚಿಕಿತ್ಸೆಗಳು ಫಲಿಸದವರು ಇಲ್ಲಿಗೆ ಬರುತ್ತಾರೆ. ಹತ್ತು ಹನ್ನೆರಡು ದಿನ ಹೊಟ್ಟೆಗೆ ದಿನವೂ ಇಂಜೆಕ್ಷನ್. ಒಂದರ ಬದಲು ಹಲವು ಅಂಡಾಣು ಒಟ್ಟಿಗೆ ಬೆಳೆಯುತ್ತವೆ. ಕೊನೆಯ ಇಂಜೆಕ್ಷನ್ ಗಡಿಯಾರ ನೋಡಿ ಕೊಡುವಂಥದ್ದು. ಅದಾದ 34ರಿಂದ 36 ಗಂಟೆಯಲ್ಲಿ ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಅಂಡಾಣು ಹೊರತೆಗೆಯುತ್ತಾರೆ. ಇಂಜೆಕ್ಷನ್ ಒಂದು ಗಂಟೆ ತಡವಾದರೂ ಆಸ್ಪತ್ರೆಗೆ ತಿಳಿಸಬೇಕು. ಆ ದಿನಗಳಲ್ಲಿ ಊರಿನಿಂದ ಓಡಾಡುವುದಕ್ಕಿಂತ ಆಸ್ಪತ್ರೆಯ ಹತ್ತಿರದ ನೆಂಟರ ಮನೆಯೇ ವಾಸಿ.

ತೆಗೆದ ಅಂಡಾಣುವಿನ ಜೊತೆ ಲ್ಯಾಬಿನಲ್ಲಿ ವೀರ್ಯಾಣು ಸೇರಿಸುತ್ತಾರೆ. ವೀರ್ಯಾಣು ಕಡಿಮೆ ಇದ್ದರೆ ಒಂದೊಂದು ಅಂಡಾಣುವಿನೊಳಕ್ಕೆ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಬಿಡುತ್ತಾರೆ. ಇದೇ ಇಕ್ಸಿ. 1992ರಲ್ಲಿ ಬೆಲ್ಜಿಯಂನಿಂದ ಇದರ ಮೊದಲ ಗರ್ಭಧಾರಣೆಗಳ ವರದಿ ಬಂದ ಮೇಲೆ ಗಂಡಿನ ತೊಂದರೆಗೆ ಪರಿಹಾರವೇ ಇಲ್ಲ ಅನ್ನುವ ಕಾಲ ಹೋಯಿತು. ಭ್ರೂಣವನ್ನು ಮೂರು ಅಥವಾ ಐದು ದಿನ ಬೆಳೆಸಿ ಗರ್ಭಕೋಶಕ್ಕೆ ಬಿಡುತ್ತಾರೆ. ಉಳಿದವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಮೊದಲ ಸಲ ಆಗದಿದ್ದರೆ ಮತ್ತೆ ಅಷ್ಟೂ ಇಂಜೆಕ್ಷನ್ ಬೇಡ, ಇವನ್ನೇ ಬಳಸಬಹುದು.

ಅಪಾಯವೂ ಇದೆ. ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಬಹುದು. ಹೊಟ್ಟೆ ಉಬ್ಬಿ, ಉಸಿರು ಕಟ್ಟಿದಂತಾಗಿ, ಮೂತ್ರ ಕಡಿಮೆಯಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಅವಳಿ ಮಕ್ಕಳು ಒಂದೇ ಸಲಕ್ಕೆ ಬಂದರೆ ಲಾಭ ಅಂತ ಎರಡು ಮೂರು ಭ್ರೂಣ ಬಿಡಿಸಿಕೊಳ್ಳುವುದು ಒಳ್ಳೆಯ ಲೆಕ್ಕವಲ್ಲ. ಅವಳಿ ಬಸುರಿನಲ್ಲಿ ದಿನ ತುಂಬದೆ ಹೆರಿಗೆಯಾಗುವುದು ಜಾಸ್ತಿ.

ಫಲ ಎಷ್ಟು? 35ರೊಳಗಿನವರಲ್ಲಿ ಒಂದು ಭ್ರೂಣ ಬಿಟ್ಟರೆ ಮೂರರಲ್ಲಿ ಒಬ್ಬರಿಗೆ ಮಗು ಅನ್ನಬಹುದು. 40 ದಾಟಿದ ಮೇಲೆ ಹತ್ತರಲ್ಲಿ ಒಬ್ಬರಷ್ಟು, ಸ್ವಂತ ಅಂಡಾಣುವಾದರೆ. ಕ್ಯಾಂಪಿನ ಬ್ಯಾನರಿನಲ್ಲಿ ನೂರಕ್ಕೆ 70, 80 ಅಂತ ಬರೆದಿದ್ದರೆ ಅದು ಯಾವುದರ ಲೆಕ್ಕ ಅಂತ ಕೇಳಿ. ಪರೀಕ್ಷೆ ಪಾಸಿಟಿವ್ ಬಂದವರದ್ದಾ, ಮಗುವನ್ನು ಮನೆಗೆ ಕರೆದುಕೊಂಡು ಹೋದವರದ್ದಾ? ಎರಡರ ನಡುವೆ ಗರ್ಭಪಾತಗಳು ಇರುತ್ತವೆ.

ದುಡ್ಡು ಮತ್ತು ಕಾನೂನು

ಒಂದು ಐವಿಎಫ್ ಸೈಕಲ್ಲಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ ಆಗುತ್ತದೆ. ಇಂಜೆಕ್ಷನ್, ಇಕ್ಸಿ, ಭ್ರೂಣ ಕಾದಿಡುವ ಬಾಡಿಗೆ ಒಳಗೊಂಡಿದೆಯಾ ಅಂತ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್‌ನಲ್ಲಿ ಸಂತಾನ ಚಿಕಿತ್ಸೆ ಸೇರಿಲ್ಲ. ಹೆಚ್ಚಿನ ಖಾಸಗಿ ವಿಮೆಗಳೂ ಕೊಡುವುದಿಲ್ಲ. ತೋಟ ಅಡವಿಟ್ಟು ಬರುವವರಿದ್ದಾರೆ. ಹಾಗಾಗಿ ಶುರು ಮಾಡುವ ಮೊದಲೇ ಎಷ್ಟು ಸಲ ಪ್ರಯತ್ನಿಸುತ್ತೇವೆ, ಎಲ್ಲಿ ನಿಲ್ಲಿಸುತ್ತೇವೆ ಅಂತ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಸೋತ ದಿನ ಆ ಮಾತು ಆಡಲು ಆಗುವುದಿಲ್ಲ.

2021ರ ಸಂತಾನ ತಂತ್ರಜ್ಞಾನ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ನೋಂದಣಿ ಇಲ್ಲದ ಕ್ಲಿನಿಕ್ ಈ ಚಿಕಿತ್ಸೆ ಮಾಡುವಂತಿಲ್ಲ. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯೋಮಿತಿ. ಬೇರೆಯವರ ಅಂಡಾಣು ಪಡೆಯುವುದಾದರೆ ದಾನಿಗೆ 23ರಿಂದ 35 ವರ್ಷ ಇರಬೇಕು, ಅವಳು ಜೀವನದಲ್ಲಿ ಒಂದೇ ಸಲ ಕೊಡಬಹುದು. ದಾನಿಯಿಂದ ಹುಟ್ಟಿದ ಮಗುವಿಗೂ ಸ್ವಂತ ಮಗುವಿನ ಎಲ್ಲ ಹಕ್ಕು ಇದೆ. ಆಸ್ತಿ ಭಾಗದ ಹೊತ್ತಿನಲ್ಲಿ ದಾಯಾದಿಗಳು ತಕರಾರು ತೆಗೆಯುವಂತಿಲ್ಲ. ದುಡ್ಡು ಕೊಟ್ಟು ಬಾಡಿಗೆ ತಾಯಿ ಮಾಡಿಕೊಳ್ಳುವುದು ಈಗ ಅಪರಾಧ. ಗಂಡೇ ಬೇಕು ಅಂತ ಭ್ರೂಣ ಆರಿಸುವುದೂ ಅಪರಾಧ.

ದತ್ತು ತೆಗೆದುಕೊಳ್ಳುವ ಯೋಚನೆ ಇದ್ದರೆ ಅದನ್ನು ಎಲ್ಲ ಮುಗಿದ ಮೇಲೆ ಅಂತ ಕೊನೆಗೆ ಇಡಬೇಡಿ. ಕೇಂದ್ರ ದತ್ತು ಪ್ರಾಧಿಕಾರದಲ್ಲಿ ಆನ್‌ಲೈನಿನಲ್ಲೇ ನೋಂದಣಿ, ಕಾಯುವುದು ವರ್ಷಗಟ್ಟಲೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಸೇರಿ 85 ಮೀರಿರಬಾರದು. ಐದಾರು ಐವಿಎಫ್ ಮುಗಿಸಿ ಬರುವಷ್ಟರಲ್ಲಿ ಆ ಗೆರೆ ದಾಟಿರುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಾಹಿತಿ ಸಿಗುತ್ತದೆ. "ಆಸ್ಪತ್ರೆಯಲ್ಲಿ ಒಂದು ಮಗು ಇದೆ, ಇಷ್ಟು ಕೊಟ್ಟರೆ ಯಾರಿಗೂ ಗೊತ್ತಾಗದ ಹಾಗೆ ಕೊಡಿಸ್ತೀನಿ" ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಅದು ಮಗು ಮಾರಾಟ, ಕೊಂಡವರಿಗೂ ಐದು ವರ್ಷದವರೆಗೆ ಜೈಲು.